ಒಡೆಯನಿಲ್ಲದ ಪಥ್ಯ

ಮಕ್ಕಳ ವೈದ್ಯಕೀಯ ಓದುವ ಪಿ.ಜಿ. ವಿದ್ಯಾರ್ಥಿಗಳ ಬಿಳಿ ಕೋಟಿನ ಜೇಬಿನಲ್ಲಿ, ಈಗೀಗ ಮೊಬೈಲಿನಲ್ಲಿ, 'ಹ್ಯಾರಿಯೆಟ್ ಲೇನ್ ಹ್ಯಾಂಡ್‌ಬುಕ್' ಎಂಬ ಪುಸ್ತಕ ಇರುತ್ತದೆ. ಇಷ್ಟು ತೂಕದ ಮಗುವಿಗೆ ಈ ಔಷಧ ಎಷ್ಟು ಕೊಡಬೇಕು ಎಂದು ನೋಡಲು ಡ್ಯೂಟಿಯ ನಡುವೆ ಮತ್ತೆ ಮತ್ತೆ ತೆರೆಯುವ ಪುಸ್ತಕ ಅದು. ಹ್ಯಾರಿಯೆಟ್ ಲೇನ್ ಯಾವ ಕಾಲದ ಡಾಕ್ಟರ್ ಎಂದು ಅವರನ್ನು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರಲಾರದು. ಆಕೆ ಡಾಕ್ಟರೇ ಅಲ್ಲ. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ತಾಯಿ.

ಅಮೆರಿಕದ ಅಧ್ಯಕ್ಷರಲ್ಲಿ ಮದುವೆಯೇ ಆಗದೆ ಉಳಿದವರು ಜೇಮ್ಸ್ ಬುಕ್ಯಾನನ್ ಒಬ್ಬರೇ. 1857ರಿಂದ 1861ರವರೆಗೆ ಅವರ ಆಡಳಿತ ನಡೆದಾಗ ಶ್ವೇತಭವನಕ್ಕೆ ಬಂದವರನ್ನು ಉಪಚರಿಸುವ ಯಜಮಾನಿಕೆ ಅವರ ಸಾಕುಮಗಳಂತಿದ್ದ ಸೋದರಿಯ ಮಗಳು ಹ್ಯಾರಿಯೆಟ್ ಪಾಲಿಗೆ ಬಂತು. ಮುಂದೆ ಆಕೆ ಬಾಲ್ಟಿಮೋರ್ ನಗರದ ಬ್ಯಾಂಕರ್ ಹೆನ್ರಿ ಜಾನ್‌ಸ್ಟನ್ ಅವರನ್ನು ಮದುವೆಯಾದರು. ಇಬ್ಬರು ಮಕ್ಕಳೂ ಹದಿಹರೆಯದಲ್ಲಿ, 1881 ಮತ್ತು 1882ರಲ್ಲಿ, ರುಮ್ಯಾಟಿಕ್ ಜ್ವರದಿಂದ ತೀರಿಕೊಂಡರು. 1884ರಲ್ಲಿ ಗಂಡನೂ ಹೋದರು. 1903ರಲ್ಲಿ ತಾವು ತೀರಿಕೊಂಡಾಗ ಹ್ಯಾರಿಯೆಟ್ ಉಯಿಲಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಡಾಲರ್ ಬಿಟ್ಟುಹೋಗಿದ್ದರು, ರೋಗಿ ಮಕ್ಕಳಿಗೊಂದು ಮನೆ ಕಟ್ಟಿಸಲು. ಆ ಹಣದಿಂದ 1912ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಗ್ಗುಲಲ್ಲೇ 'ಹ್ಯಾರಿಯೆಟ್ ಲೇನ್ ಹೋಮ್' ಎದ್ದಿತು. ಅದರ ಮೊದಲ ವರ್ಷಗಳಲ್ಲೇ ಮುಖ್ಯಸ್ಥರಾಗಿ ಬಂದವರು ಡಾ. ಜಾನ್ ಹೌಲೆಂಡ್. ಮಕ್ಕಳ ಅಪಸ್ಮಾರಕ್ಕೆ ಇವತ್ತು ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ಕೊಡುವ ಒಂದು ವಿಚಿತ್ರ ಪಥ್ಯದ ಚರಿತ್ರೆ ಈ ಕಟ್ಟಡವನ್ನೂ ಈ ಡಾಕ್ಟರನ್ನೂ ಸುತ್ತಿಕೊಂಡಿದೆ. ಆ ಚರಿತ್ರೆಯುದ್ದಕ್ಕೂ ಹಣ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಸರ್ಕಾರಕ್ಕಿಂತ, ಔಷಧ ಕಂಪನಿಗಿಂತ ಮೊದಲು ಸಿಗುವುದು ಯಾವುದೋ ಒಂದು ಮಗುವಿನ ಅಪ್ಪ ಅಥವಾ ಅಮ್ಮ.

ಆ ದಿನಗಳಲ್ಲಿ ಅಪಸ್ಮಾರಕ್ಕೆ, ನಮ್ಮ ಆಡುಮಾತಿನ ಮೂರ್ಛೆರೋಗಕ್ಕೆ, ಡಾಕ್ಟರುಗಳ ಕೈಯಲ್ಲಿ ಇದ್ದ ಮದ್ದು ಎರಡೇ. ಒಂದು ಬ್ರೋಮೈಡ್, ಇನ್ನೊಂದು 1912ರಲ್ಲಿ ಬಳಕೆಗೆ ಬಂದ ಫಿನೋಬಾರ್ಬಿಟಾಲ್. ಎರಡೂ ಮಗುವನ್ನು ಮಂಕು ಮಾಡುತ್ತಿದ್ದವು. ಹಾಗಿರುವಾಗ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಊರಿನಲ್ಲಿ ಹ್ಯೂ ಕಾಂಕ್ಲಿನ್ ಎಂಬ ಆಸ್ಟಿಯೋಪತಿ ವೈದ್ಯ ಉಪವಾಸದಿಂದ ಫಿಟ್ಸ್ ನಿಲ್ಲಿಸುತ್ತಾನೆ ಎಂಬ ಸುದ್ದಿ ಹಬ್ಬಿತು. ಕೆಲ್ಲಾಗ್ಸ್ ಕಾರ್ನ್‌ಫ್ಲೇಕ್ಸ್ ಹುಟ್ಟಿದ ಊರೇ ಇದು. ಹೊಟ್ಟೆಯಲ್ಲೇ ಸಕಲ ರೋಗದ ಮೂಲ ಎಂದು ನಂಬಿದವರ ಕ್ಷೇತ್ರ. ಕಾಂಕ್ಲಿನ್ ಮಕ್ಕಳಿಗೆ ಎರಡು ಮೂರು ವಾರ ಬರೀ ನೀರು ಕೊಟ್ಟು ಇರಿಸುತ್ತಿದ್ದ. ಕರುಳಿನಲ್ಲಿ ಹುಟ್ಟಿದ ನಂಜು ರಕ್ತಕ್ಕೆ ಸೇರಿ ಮಿದುಳನ್ನು ಕೆಣಕುತ್ತದೆ, ಕರುಳಿಗೆ ಬಿಡುವು ಕೊಟ್ಟರೆ ರೋಗ ಹೋಗುತ್ತದೆ ಎಂಬುದು ಅವನ ವಾದ. ವಾದ ತಪ್ಪು. ಆದರೆ ಅನೇಕ ಮಕ್ಕಳಿಗೆ ಉಪವಾಸದ ದಿನಗಳಲ್ಲಿ ಫಿಟ್ಸ್ ನಿಲ್ಲುತ್ತಿದ್ದುದು ನಿಜ.

ಅವನ ಹತ್ತಿರ ಹೋದ ಮಕ್ಕಳಲ್ಲಿ ನ್ಯೂಯಾರ್ಕಿನ ಸಿರಿವಂತ ವಕೀಲ ಚಾರ್ಲ್ಸ್ ಹೌಲೆಂಡ್ ಅವರ ಮಗನೂ ಒಬ್ಬ. ಚಾರ್ಲ್ಸ್ ಹ್ಯಾರಿಯೆಟ್ ಲೇನ್ ಹೋಮಿನ ಜಾನ್ ಹೌಲೆಂಡ್ ಅವರ ಸ್ವಂತ ಅಣ್ಣತಮ್ಮ. ಮಕ್ಕಳ ವೈದ್ಯಕೀಯದಲ್ಲಿ ದೇಶಕ್ಕೇ ದೊಡ್ಡ ಹೆಸರಾದ ಡಾಕ್ಟರು ಮನೆಯಲ್ಲೇ ಇದ್ದೂ ಆ ಮನೆಯ ಹುಡುಗ ಉಪವಾಸದ ವೈದ್ಯನನ್ನು ಹುಡುಕಿಕೊಂಡು ಹೋಗಬೇಕಾಯಿತು. ಆಗಿನ ಔಷಧಗಳ ಸ್ಥಿತಿ ಹೇಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1919ರ ಸುಮಾರಿಗೆ ಚಾರ್ಲ್ಸ್ ಹೌಲೆಂಡ್ ಜಾನ್ ಕೈಗೆ 5,000 ಡಾಲರ್ ಕೊಟ್ಟರು. ಮಗನ ಹೆಸರಿನಲ್ಲಿ ಹಾಸಿಗೆ ಹಾಕಿಸಿ ಎಂದಾಗಲೀ ಗೋಡೆಗೆ ಕಲ್ಲು ಕೂರಿಸಿ ಎಂದಾಗಲೀ ಕೊಟ್ಟದ್ದಲ್ಲ. ಉಪವಾಸವಿದ್ದಾಗ ಫಿಟ್ಸ್ ಯಾಕೆ ನಿಲ್ಲುತ್ತದೆ, ಕಾರಣ ಕಂಡುಹಿಡಿಯಿರಿ ಎಂಬುದೇ ಷರತ್ತು. ಒಳ್ಳೆಯ ಪ್ರಶ್ನೆಯೊಂದನ್ನು ಜೊತೆಗೆ ತರುವ ದೇಣಿಗೆ ಆಸ್ಪತ್ರೆಗಳಿಗೆ ಇವತ್ತೂ ಅಪರೂಪ. ಜಾನ್ ಹೌಲೆಂಡ್ ಆ ಹಣದಲ್ಲಿ ಪ್ರಯೋಗಾಲಯವೊಂದನ್ನು ಸಜ್ಜು ಮಾಡಿ ಕೆಲಸವನ್ನು ಜೇಮ್ಸ್ ಗ್ಯಾಂಬಲ್ ಎಂಬ ಯುವ ವೈದ್ಯರಿಗೆ ಒಪ್ಪಿಸಿದರು. ಗ್ಯಾಂಬಲ್ ಮತ್ತು ಸಂಗಡಿಗರು ಉಪವಾಸದಲ್ಲಿದ್ದ ಮಕ್ಕಳ ರಕ್ತ, ಮೂತ್ರಗಳನ್ನು ಅಳೆದರು. ಊಟವಿಲ್ಲದ ದೇಹ ಕೊಬ್ಬನ್ನು ಕರಗಿಸುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಅದನ್ನು ಸರಿದೂಗಿಸಲು ದೇಹ ಸೋಡಿಯಂ, ಪೊಟ್ಯಾಸಿಯಂಗಳನ್ನೂ ನೀರನ್ನೂ ಹೊರಹಾಕುತ್ತದೆ ಎಂಬ ಲೆಕ್ಕ ಅಲ್ಲಿ ಮೂಡಿತು. 1923ರಲ್ಲಿ ಅದು ಅಚ್ಚಾಯಿತು.

ಚಾರ್ಲ್ಸ್ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ಕೀಟೋನುಗಳು ಮಿದುಳಿನಲ್ಲಿ ಏನು ಮಾಡುತ್ತವೆ ಎಂಬ ಚರ್ಚೆ ನೂರು ವರ್ಷಗಳ ಮೇಲೂ ಮುಗಿದಿಲ್ಲ. ಆದರೆ ದೇಹದ ನೀರು ಮತ್ತು ಲವಣಗಳ ಬಗ್ಗೆ ಗ್ಯಾಂಬಲ್ ಅಲ್ಲಿ ಶುರುಮಾಡಿದ ಲೆಕ್ಕ ಮುಂದೆ ಹಾರ್ವರ್ಡಿನಲ್ಲಿ ಬೆಳೆದು ಒಂದು ಶಾಸ್ತ್ರವೇ ಆಯಿತು. ವಾಂತಿಭೇದಿಯಿಂದ ಒಣಗಿಹೋದ ಮಗುವಿಗೆ ಡ್ರಿಪ್ ಹಾಕುವಾಗ ಯಾವ ಲವಣ ಎಷ್ಟು ಬೇಕು ಎಂದು ಡಾಕ್ಟರು ಯೋಚಿಸುವ ಕ್ರಮದ ಹಿಂದೆ ಆ ಕೆಲಸವಿದೆ. ಅಪಸ್ಮಾರದ ಮಗುವಿನ ತಂದೆ ಕೊಟ್ಟ ಹಣ ಅಪಸ್ಮಾರವೇ ಇಲ್ಲದ ಎಷ್ಟೋ ಮಕ್ಕಳಿಗೆ ಒದಗಿತು.

ಇತ್ತ ಉಪವಾಸದ ಸಮಸ್ಯೆ ಉಪವಾಸವೇ. ಮಗುವನ್ನು ಎಷ್ಟು ದಿನ ಹಸಿದಿಡಬಹುದು? 1921ರಲ್ಲಿ ಮಿನ್ನೆಸೋಟದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಒಂದು ಉಪಾಯ ಸೂಚಿಸಿದರು. ಹಿಟ್ಟು, ಸಕ್ಕರೆಗಳನ್ನು ಬಹುಪಾಲು ತೆಗೆದುಹಾಕಿ ಕೊಬ್ಬನ್ನೇ ಉಣ್ಣಿಸಿದರೆ ದೇಹ ಉಪವಾಸದಲ್ಲಿರುವಂತೆಯೇ ವರ್ತಿಸುತ್ತದೆ, ಹೊಟ್ಟೆಯೂ ತುಂಬಿರುತ್ತದೆ. ಇದಕ್ಕೆ 'ಕೀಟೋಜೆನಿಕ್' ಎಂಬ ಹೆಸರಿಟ್ಟವರೂ ಅವರೇ. ಅಲ್ಲೇ ಇದ್ದ ಮೈನಿ ಪೀಟರ್‌ಮನ್ 1925ರ ಹೊತ್ತಿಗೆ ಮಕ್ಕಳಿಗೆ ಹೊಂದುವಂತೆ ಅಳತೆ ಕಟ್ಟಿದರು. ಈಗ ಸೂಪರ್ ಮಾರ್ಕೆಟ್ಟಿನಲ್ಲಿ ತೂಕ ಇಳಿಸುವವರಿಗೆಂದು ಮಾರುವ 'ಕೀಟೋ' ಬಿಸ್ಕತ್ತುಗಳಿಗೆ ಹೆಸರು ಬಂದದ್ದು ಇಲ್ಲಿಂದ. ಹೆಸರೊಂದನ್ನು ಬಿಟ್ಟರೆ ನಂಟು ದೂರದ್ದು.

ಪಥ್ಯ ಎಷ್ಟು ಕಠಿಣ ಎಂಬುದನ್ನು ಅಡುಗೆಮನೆಯ ಲೆಕ್ಕದಲ್ಲಿ ನೋಡಬೇಕು. ಶಾಸ್ತ್ರೀಯ ಪಥ್ಯದಲ್ಲಿ ಪ್ರೋಟೀನು ಮತ್ತು ಹಿಟ್ಟಿನಂಶ ಎರಡೂ ಸೇರಿ ಒಂದು ಗ್ರಾಂ ಆದರೆ ಕೊಬ್ಬು ನಾಲ್ಕು ಗ್ರಾಂ. ದಿನಕ್ಕೆ 1,200 ಕ್ಯಾಲೊರಿ ಬೇಕಾದ ಮಗುವಿಗೆ 120 ಗ್ರಾಂ ಕೊಬ್ಬು, ಉಳಿದದ್ದೆಲ್ಲ ಸೇರಿ 30 ಗ್ರಾಂ. ಆ 30ರಲ್ಲಿ ಬೆಳೆಯುವ ದೇಹಕ್ಕೆ ಬೇಕಾದ ಪ್ರೋಟೀನು ಕಳೆದರೆ ಹಿಟ್ಟಿಗೆ ಉಳಿಯುವುದು ಹತ್ತು ಹನ್ನೆರಡು ಗ್ರಾಂ. ಇಡೀ ದಿನಕ್ಕೆ ಒಂದು ಚಪಾತಿಗೂ ಸಾಲದು. ಪ್ರತಿ ತುತ್ತನ್ನೂ ತಕ್ಕಡಿಯಲ್ಲಿ ತೂಗಬೇಕು. ತಟ್ಟೆಗೆ ಅಂಟಿದ ಕೆನೆಯನ್ನೂ ಬಳಿದು ತಿನ್ನಿಸಬೇಕು. ಸಿಹಿಯಾದ ಕೆಮ್ಮಿನ ಸಿರಪ್ಪು, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಒಂದು ಬಿಸ್ಕತ್ತು, ಇಷ್ಟೇ ಸಾಕು ವಾರಗಳ ಶ್ರಮ ಕೆಡಲು. ಮೂತ್ರಪಿಂಡದಲ್ಲಿ ಕಲ್ಲು, ಮಲಬದ್ಧತೆ, ಬೆಳವಣಿಗೆ ಕುಂಠಿತವಾಗುವುದು ಇವುಗಳ ಮೇಲೂ ಕಣ್ಣಿಡಬೇಕು. ಮನೆಯವರು ತಾವಾಗಿಯೇ ಶುರುಮಾಡುವಂಥದ್ದು ಇದಲ್ಲ, ಆಸ್ಪತ್ರೆಯ ನಿಗಾ ಬೇಕೇ ಬೇಕು. ಆ ನಿಗಾ ಎಂದರೆ ಮುಖ್ಯವಾಗಿ ಒಬ್ಬ ನುರಿತ ಡಯಟೀಷಿಯನ್. ಈ ಪಥ್ಯದ ಸೇವೆಯಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ಆಕೆಯ ಸಮಯ.

1938ರಲ್ಲಿ ಬಾಸ್ಟನ್ನಿನಲ್ಲಿ ಮೆರಿಟ್ ಮತ್ತು ಪಟ್ನಂ ಫೆನಿಟಾಯಿನ್ ಎಂಬ ಔಷಧದ ಗುಣವನ್ನು ಪ್ರಕಟಿಸಿದರು. ಭಾರತದಲ್ಲಿ ಎಪ್ಟಾಯಿನ್ ಎಂಬ ಹೆಸರಿನಲ್ಲಿ ಬಹಳ ಮನೆಗಳಿಗೆ ಪರಿಚಿತವಾದ ಗುಳಿಗೆ ಅದೇ. ಗುಳಿಗೆ ನುಂಗಿಸುವುದು ಸುಲಭ, ತಕ್ಕಡಿ ಬೇಡ. ಡಾಕ್ಟರುಗಳೂ ತಾಯಂದಿರೂ ಅತ್ತ ತಿರುಗಿದ್ದರಲ್ಲಿ ತಪ್ಪೇನಿಲ್ಲ. ತೊಡಕು ಬಂದದ್ದು ಗುಳಿಗೆಗೂ ಬಗ್ಗದ ಮಕ್ಕಳ ವಿಷಯದಲ್ಲಿ. ಗುಳಿಗೆಗೆ ಕಂಪನಿಯಿತ್ತು, ಪೇಟೆಂಟು ಇತ್ತು, ಡಾಕ್ಟರ ಬಾಗಿಲಿಗೆ ಬರುವ ಪ್ರತಿನಿಧಿಗಳಿದ್ದರು, ಹೊಸ ಅಧ್ಯಯನಕ್ಕೆ ಹಣವಿತ್ತು. ಬೆಣ್ಣೆಗೆ, ಕೆನೆಗೆ ಯಾರೂ ಒಡೆಯರಲ್ಲ. ಹೊಸ ಡಯಟೀಷಿಯನ್ನರಿಗೆ ಈ ಲೆಕ್ಕ ಕಲಿಸುವುದು ನಿಂತಿತು. ಲೆಕ್ಕ ಸರಿಯಾಗಿ ಬಾರದವರು ಕೊಟ್ಟ ಪಥ್ಯ ಸೋಲುತ್ತಿತ್ತು. ಸೋತದ್ದನ್ನು ಕಂಡವರು ಪಥ್ಯದಲ್ಲೇ ಹುರುಳಿಲ್ಲ ಎನ್ನುತ್ತಿದ್ದರು.

ಹಾಪ್ಕಿನ್ಸ್‌ನಲ್ಲಿ ಮಾತ್ರ ದೀಪ ಆರಲಿಲ್ಲ. ಅಲ್ಲಿನ ಅಪಸ್ಮಾರ ಕ್ಲಿನಿಕ್ ನಡೆಸುತ್ತಿದ್ದ ಸ್ಯಾಮ್ಯುಯೆಲ್ ಲಿವಿಂಗ್‌ಸ್ಟನ್ ದಶಕಗಳ ಕಾಲ ಪಥ್ಯವನ್ನು ಬಿಡದೆ ಕೊಟ್ಟರು. 1969ರಲ್ಲಿ ಮಕ್ಕಳ ನರರೋಗ ವಿಭಾಗಕ್ಕೆ ಬಂದ ಜಾನ್ ಫ್ರೀಮನ್ ಅದನ್ನು ಉಳಿಸಿಕೊಂಡರು. ನಿಜವಾಗಿ ಉಳಿಸಿದವರು ಮಿಲಿಸೆಂಟ್ ಕೆಲ್ಲಿ ಎಂಬ ಡಯಟೀಷಿಯನ್. ಪ್ರತಿ ಮಗುವಿನ ಪ್ರತಿ ಊಟವನ್ನೂ ಲೆಕ್ಕ ಹಾಕುವ ವಿದ್ಯೆ ಆಕೆಯ ಕೈಯಲ್ಲಿತ್ತು. 1990ರ ದಶಕದ ಆರಂಭದಲ್ಲಿ ಅಲ್ಲಿಗೂ ವರ್ಷಕ್ಕೆ ಬೆರಳೆಣಿಕೆಯ ಮಕ್ಕಳು ಬರುತ್ತಿದ್ದರು. ಅಂಥ ಸೇವೆ ಲೆಕ್ಕಪತ್ರದವರ ಕಣ್ಣಿಗೆ ಬಿದ್ದರೆ ಮುಚ್ಚಿಹೋಗುವುದು ಸುಲಭ. ಒಬ್ಬ ವ್ಯಕ್ತಿ ನಿವೃತ್ತಿಯಾದರೆ ವಿದ್ಯೆಯೇ ಹೋಗುವ ಸ್ಥಿತಿ.

1993ರಲ್ಲಿ ಲಾಸ್ ಏಂಜಲೀಸ್‌ನ ಚಿತ್ರನಿರ್ದೇಶಕ ಜಿಮ್ ಏಬ್ರಹಾಮ್ಸ್ ಅವರ ಒಂದು ವರ್ಷದ ಮಗ ಚಾರ್ಲಿಗೆ ಫಿಟ್ಸ್ ಶುರುವಾಯಿತು. ಏಬ್ರಹಾಮ್ಸ್ ಎಂದರೆ 1980ರ 'ಏರ್‌ಪ್ಲೇನ್!' ಎಂಬ ನಗೆಚಿತ್ರ ಮಾಡಿದ ಮೂವರಲ್ಲಿ ಒಬ್ಬರು. ಹಣಕ್ಕೆ, ಡಾಕ್ಟರುಗಳಿಗೆ ಕೊರತೆ ಇರಲಿಲ್ಲ. ಔಷಧದ ಮೇಲೆ ಔಷಧ, ಮಿದುಳಿನ ಶಸ್ತ್ರಚಿಕಿತ್ಸೆ, ಕೊನೆಗೆ ಪವಾಡ ಮಾಡುವವರ ಬಾಗಿಲು, ಎಲ್ಲ ಆದರೂ ಮಗುವಿಗೆ ಸಾವಿರಾರು ಬಾರಿ ಸೆಳವು ಬಂತು. ಗುಣವಾಗುವ ಆಸೆ ಬಿಟ್ಟ ತಂದೆ, ಮುಂದೆ ಏನು ಕಾದಿದೆ ಎಂದು ತಿಳಿಯಲು ತಾವೇ ಗ್ರಂಥಾಲಯಕ್ಕೆ ಹೋಗಿ ಓದತೊಡಗಿದರು. ಅಲ್ಲಿ ಈ ಪಥ್ಯದ ಪ್ರಸ್ತಾಪ ಸಿಕ್ಕಿತು. ಮಗುವನ್ನು ಎತ್ತಿಕೊಂಡು ದೇಶದ ಈ ತುದಿಯಿಂದ ಆ ತುದಿಗೆ, ಬಾಲ್ಟಿಮೋರ್‌ಗೆ ಹೋದರು. ಕೆಲವೇ ದಿನಗಳಲ್ಲಿ ಚಾರ್ಲಿಯ ಫಿಟ್ಸ್ ನಿಂತಿತು. ಐದು ವರ್ಷ ಪಥ್ಯದಲ್ಲಿದ್ದು ಆಮೇಲೆ ಎಲ್ಲರಂತೆ ಉಣ್ಣತೊಡಗಿದ.

ಮೊದಲು ಬಂದದ್ದು ಸಂತೋಷವಾದರೆ ಅದರ ಹಿಂದೆಯೇ ಸಿಟ್ಟು ಬಂತು. ಎಪ್ಪತ್ತು ವರ್ಷಗಳಿಂದ ಗೊತ್ತಿದ್ದ ಚಿಕಿತ್ಸೆಯನ್ನು ತಮಗೆ ಯಾರೂ ಯಾಕೆ ಹೇಳಲಿಲ್ಲ ಎಂದು ಏಬ್ರಹಾಮ್ಸ್ ಕೇಳಿದರು. 1994ರಲ್ಲಿ 'ಚಾರ್ಲಿ ಫೌಂಡೇಶನ್' ಕಟ್ಟಿದರು. ಅವರು ಸಿನಿಮಾದವರು, ಹಾಗಾಗಿ ಸಿನಿಮಾದವರಂತೆಯೇ ಕೆಲಸ ಶುರುಮಾಡಿದರು. ತಾಯ್ತಂದೆಯರಿಗೆ, ಡಾಕ್ಟರುಗಳಿಗೆ, ಡಯಟೀಷಿಯನ್ನರಿಗೆ ಬೇರೆ ಬೇರೆ ವಿಡಿಯೋ ಕ್ಯಾಸೆಟ್ ತಯಾರಿಸಿ ಹಂಚಿದರು. ಆ ವರ್ಷದ ಅಕ್ಟೋಬರಿನಲ್ಲಿ ಎನ್‌ಬಿಸಿ ಟಿ.ವಿ.ಯ 'ಡೇಟ್‌ಲೈನ್' ಕಾರ್ಯಕ್ರಮ ಚಾರ್ಲಿಯ ಕತೆಯನ್ನು ಬಿತ್ತರಿಸಿದ ಮೇಲೆ ಹಾಪ್ಕಿನ್ಸ್‌ನ ಫೋನುಗಳಿಗೆ ಬಿಡುವಿಲ್ಲದಂತಾಯಿತು. 1997ರಲ್ಲಿ ಏಬ್ರಹಾಮ್ಸ್ ಮೆರಿಲ್ ಸ್ಟ್ರೀಪ್ ಅವರನ್ನು ತಾಯಿಯ ಪಾತ್ರದಲ್ಲಿ ಇಟ್ಟುಕೊಂಡು '...ಫಸ್ಟ್ ಡು ನೋ ಹಾರ್ಮ್' ಎಂಬ ಟಿ.ವಿ. ಚಿತ್ರ ಮಾಡಿದರು. ಅದರಲ್ಲಿ ಡಯಟೀಷಿಯನ್ ಪಾತ್ರದಲ್ಲಿ ಮಿಲಿಸೆಂಟ್ ಕೆಲ್ಲಿ ತಾವೇ ಕಾಣಿಸಿಕೊಂಡರು.

ಸಿನಿಮಾಕ್ಕಿಂತ ದೂರ ಹೋದದ್ದು ಫೌಂಡೇಶನ್ ಹಣದ ಇನ್ನೊಂದು ಖರ್ಚು. ಹಾಪ್ಕಿನ್ಸ್ ಮಾತ್ರ ಹೇಳಿದರೆ ಜಗತ್ತು ನಂಬಲಾರದು, ಬೇರೆ ಊರುಗಳಲ್ಲೂ ಆಗುತ್ತದೆಯೇ ಎಂದು ನೋಡಬೇಕಿತ್ತು. ಬೇರೆ ಆಸ್ಪತ್ರೆಗಳ ಡಾಕ್ಟರು ಮತ್ತು ಡಯಟೀಷಿಯನ್ನರಿಗೆ ಪಥ್ಯ ಕಲಿಸಿ, ಏಳು ಕೇಂದ್ರಗಳಲ್ಲಿ 51 ಮಕ್ಕಳ ಮೇಲೆ ಅಧ್ಯಯನ ನಡೆಸಲಾಯಿತು. ಅದು 1998ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಪಥ್ಯದಲ್ಲಿ ಉಳಿದಿದ್ದವರು ಶೇ. 47. ಅದೇ ವರ್ಷ ಹಾಪ್ಕಿನ್ಸ್ ತಂಡ ತನ್ನಲ್ಲಿಗೆ ಬಂದ 150 ಮಕ್ಕಳ ಲೆಕ್ಕ ಕೊಟ್ಟಿತು. ಅವರು ಬರುವಾಗಲೇ ಸರಾಸರಿ ಆರು ಔಷಧಗಳನ್ನು ನೋಡಿ ಸೋತಿದ್ದ ಮಕ್ಕಳು. ಒಂದು ವರ್ಷದ ಮೇಲೆ ಅರ್ಧದಷ್ಟು ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಶೇ. 27ರಷ್ಟು ಮಕ್ಕಳಿಗೆ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಇಳಿದಿತ್ತು. ಅಂದರೆ ಚಾರ್ಲಿಗೆ ಆದಂತೆ ಎಲ್ಲರಿಗೂ ಆಗುವುದಿಲ್ಲ. ಪಥ್ಯ ಬಿಟ್ಟುಹೋದವರನ್ನೂ ಎಣಿಕೆಯಲ್ಲಿ ಇಟ್ಟುಕೊಂಡು ಇದನ್ನು ಬಿಚ್ಚಿ ಹೇಳಿದ್ದಕ್ಕೆ ಫ್ರೀಮನ್ ತಂಡವನ್ನು ಮೆಚ್ಚಬೇಕು. ಮಗು ಗುಣವಾದ ತಂದೆಯ ಹಣದಲ್ಲಿ ನಡೆಯುವ ಕೆಲಸಕ್ಕೆ ಹರಕೆ ತೀರಿಸುವ ಗುಣ ಅಂಟಿಕೊಳ್ಳುವ ಅಪಾಯ ಯಾವಾಗಲೂ ಇದೆ.

ಆದರೂ ಒಂದು ಕೊರತೆ ಉಳಿದಿತ್ತು. ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಥ್ಯ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸುವ ಪರೀಕ್ಷೆ ದೊಡ್ಡ ಪ್ರಮಾಣದಲ್ಲಿ ನಡೆದಿರಲಿಲ್ಲ. ಹೊಸ ಗುಳಿಗೆಗಾದರೆ ಅದಿಲ್ಲದೆ ಪರವಾನಗಿಯೇ ಸಿಗದು, ಖರ್ಚು ಕಂಪನಿಯದು. ಪಥ್ಯಕ್ಕೆ ಅದು ಸಿಗಲು 87 ವರ್ಷ ಬೇಕಾಯಿತು, ಅದೂ ಲಂಡನ್ನಿನಲ್ಲಿ. 1852ರಲ್ಲಿ ದಾನದ ಹಣದಿಂದಲೇ ಶುರುವಾದ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ 1929ರಲ್ಲಿ ಜೆ.ಎಂ. ಬ್ಯಾರಿ ತಮ್ಮ 'ಪೀಟರ್ ಪ್ಯಾನ್' ಕೃತಿಯ ಹಕ್ಕನ್ನೇ ಬರೆದುಕೊಟ್ಟಿದ್ದರು. ದಾನವನ್ನು ನಿಭಾಯಿಸುವುದು ಆ ಆಸ್ಪತ್ರೆಗೆ ಹೊಸತಲ್ಲ. ಹೆಲೆನ್ ಕ್ರಾಸ್ ಎಂಬ ನರತಜ್ಞೆ ಮತ್ತು ಎಲಿಜಬೆತ್ ನೀಲ್ ಎಂಬ ಡಯಟೀಷಿಯನ್ ಅವರ ತಂಡ 2 ರಿಂದ 16 ವರ್ಷದ 145 ಮಕ್ಕಳನ್ನು ಪರೀಕ್ಷೆಗೆ ತೆಗೆದುಕೊಂಡಿತು. ಮೂರು ತಿಂಗಳಾದಾಗ ಪಥ್ಯದ ಗುಂಪಿನಲ್ಲಿ ಶೇ. 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ಶೇ. 6. ಫಲಿತಾಂಶ 2008ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ'ಯಲ್ಲಿ ಬಂತು.

ಹಣ ಕೊಟ್ಟವರ ಪಟ್ಟಿ ಕುತೂಹಲದ್ದು. ಎಚ್‌ಎಸ್‌ಎ ಮತ್ತು ಸ್ಮಿತ್ಸ್ ಎಂಬ ಎರಡು ದತ್ತಿಗಳು, ಆಸ್ಪತ್ರೆಗಳಿಗೆ ವಿಶೇಷ ಆಹಾರ ತಯಾರಿಸುವ ಸೈಂಟಿಫಿಕ್ ಹಾಸ್ಪಿಟಲ್ ಸಪ್ಲೈಸ್ ಕಂಪನಿ, ಮತ್ತು ಮಿಲ್ಕ್ ಡೆವಲಪ್‌ಮೆಂಟ್ ಕೌನ್ಸಿಲ್, ಅಂದರೆ ಬ್ರಿಟನ್ನಿನ ಹೈನುಗಾರರು ತಮ್ಮ ಹಾಲಿನ ಮೇಲೆ ವಂತಿಗೆ ಕಟ್ಟಿ ನಡೆಸುತ್ತಿದ್ದ ಮಂಡಳಿ. ಕೊನೆಗೂ ಕೆನೆಗೆ ಒಬ್ಬ ಒಡೆಯ ಸಿಕ್ಕಂತಾಯಿತು ಎಂದು ನಗಬಹುದು. ಕೊನೆಯ ಎರಡು ಹೆಸರುಗಳ ಲಾಭ ಏನೆಂದು ಯಾರಿಗೂ ತಿಳಿಯುತ್ತದೆ. ಆದರೆ ಹೆಸರುಗಳು ಪ್ರಬಂಧದಲ್ಲೇ ಅಚ್ಚಾಗಿವೆ, ಮತ್ತು ಅವರು ಮುಂದೆ ಬರದಿದ್ದರೆ ಪರೀಕ್ಷೆ ಇನ್ನೆಷ್ಟು ವರ್ಷ ಕಾಯುತ್ತಿತ್ತೋ. ಈ ಪರೀಕ್ಷೆಯ ಮೂಲಕ ಪಥ್ಯ ಸಿಕ್ಕ ಹುಡುಗನೊಬ್ಬನ ತಾಯಿ ಎಮ್ಮಾ ವಿಲಿಯಮ್ಸ್ 2004ರಲ್ಲಿ ಮಗನ ಹೆಸರಿನಲ್ಲಿ 'ಮ್ಯಾಥ್ಯೂಸ್ ಫ್ರೆಂಡ್ಸ್' ಎಂಬ ದತ್ತಿ ಕಟ್ಟಿದರು. ಮತ್ತೆ ಅದೇ ಕತೆ, ಸಾಗರದ ಈಚೆ. ಪಥ್ಯ ಮಗನಿಗೆ ಸಿಗುವ ಹೊತ್ತಿಗೆ ವರ್ಷಗಳೇ ಕಳೆದುಹೋಗಿದ್ದವು, ಮಿದುಳಿಗೆ ಆದ ಹಾನಿ ಹಿಂದಕ್ಕೆ ಬರುವಂಥದ್ದಾಗಿರಲಿಲ್ಲ. ಬೇರೆ ಮಕ್ಕಳಿಗೆ ಬೇಗ ಸಿಗಲಿ ಎಂಬುದೇ ಅವರ ಹಟ.

ಈ ನಡುವೆ ಚಾರ್ಲಿ ಫೌಂಡೇಶನ್ ಒಂಬತ್ತು ದೇಶಗಳ 26 ತಜ್ಞರನ್ನು ಒಟ್ಟಿಗೆ ಕೂರಿಸಿ, ಪಥ್ಯ ಯಾರಿಗೆ, ಹೇಗೆ, ಎಷ್ಟು ಕಾಲ ಎಂದು ಒಮ್ಮತದ ಸೂಚಿ ಬರೆಸಿತು. ಹಾಪ್ಕಿನ್ಸ್‌ನಲ್ಲಿ ಎರಿಕ್ ಕಾಸಾಫ್ 2003ರಲ್ಲಿ ಸಡಿಲವಾದ ರೂಪವೊಂದನ್ನು ವರದಿ ಮಾಡಿದರು. ತೂಕ ಇಳಿಸಲು ಹೆಸರಾದ ಆಟ್ಕಿನ್ಸ್ ಪಥ್ಯವನ್ನು ಮಾರ್ಪಡಿಸಿದ ಕ್ರಮ ಅದು. ಹಿಟ್ಟಿನಂಶವನ್ನಷ್ಟೇ ಎಣಿಸಿದರೆ ಸಾಕು, ಉಪವಾಸದ ಆರಂಭವಾಗಲೀ ಆಸ್ಪತ್ರೆ ವಾಸವಾಗಲೀ ಬೇಡ. ಮುಂದಿನ ಅಧ್ಯಯನಕ್ಕೆ ಹಣ ಕೊಟ್ಟದ್ದು ಆಟ್ಕಿನ್ಸ್ ಹೆಸರಿನ ಪ್ರತಿಷ್ಠಾನವೇ.

ಭಾರತಕ್ಕೆ ಒದಗಿದ್ದು ಮುಖ್ಯವಾಗಿ ಈ ಸಡಿಲ ರೂಪ. ಇಲ್ಲಿ ಒಂದು ಮಾತು ನೆನಪಿಡಬೇಕು. ಅಪಸ್ಮಾರದ ಮಕ್ಕಳಲ್ಲಿ ಹೆಚ್ಚಿನವರಿಗೆ ಸಾಮಾನ್ಯ ಔಷಧವೇ ಸಾಕು. ಬೆಂಗಳೂರಿನ ನರತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ, ಹಳೆಯ, ಅಗ್ಗದ ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್‌ಗಳಿಂದಲೇ ಹಳ್ಳಿಯ ರೋಗಿಗಳನ್ನು ನೋಡಿಕೊಳ್ಳಬಹುದೆಂದು ತೋರಿಸಿದ ಅಧ್ಯಯನ 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದಿದೆ. ಪಥ್ಯ ಬೇಕಾಗುವುದು ಔಷಧಕ್ಕೆ ಬಗ್ಗದೆ ಉಳಿಯುವ, ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳ ಪೈಕಿ ಕೆಲವರಿಗೆ. ಮುಂಬಯಿಯಲ್ಲಿ ಜನಕ್ ನಾಥನ್ ಅವರ ತಂಡ ಭಾರತದ ಅಡುಗೆಗೆ ಒಗ್ಗಿಸಿದ ಪಥ್ಯದ ಅನುಭವವನ್ನು 2009ರಲ್ಲಿ ಪ್ರಕಟಿಸಿತು. ದೆಹಲಿಯ ಏಮ್ಸ್‌ನಲ್ಲಿ 102 ಮಕ್ಕಳ ಮೇಲೆ ನಡೆದ ಪರೀಕ್ಷೆ 2013ರಲ್ಲಿ ಬಂತು. ಸಡಿಲ ಪಥ್ಯದ ಗುಂಪಿನಲ್ಲಿ ಶೇ. 52 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದರೆ, ಪಥ್ಯವಿಲ್ಲದ ಗುಂಪಿನಲ್ಲಿ ಅಷ್ಟು ಇಳಿದದ್ದು ಶೇ. 11.5 ಮಕ್ಕಳಿಗೆ.

ಆ ಪರೀಕ್ಷೆಯ ಮೊದಲ ಲೇಖಕಿ ಸುವಾಸಿನಿ ಶರ್ಮಾ ಆಮೇಲೆ ದೆಹಲಿಯದೇ ಕಲಾವತಿ ಸರನ್ ಮಕ್ಕಳ ಆಸ್ಪತ್ರೆಯಲ್ಲಿ ಇನ್ನೊಂದು ಪರೀಕ್ಷೆ ನಡೆಸಿದರು. ಅಲ್ಲಿ ಕೇಳಿದ ಪ್ರಶ್ನೆಯನ್ನು ಬಾಲ್ಟಿಮೋರ್‌ನಲ್ಲಾಗಲೀ ಲಂಡನ್ನಿನಲ್ಲಾಗಲೀ ಕೇಳುವ ಪ್ರಸಂಗ ಬಂದಿರಲಿಲ್ಲ. ಹೆಚ್ಚು ಓದು ಬಾರದ, ಪೊಟ್ಟಣದ ಮೇಲಿನ ಅಂಕಿ ಓದಲಾಗದ ತಾಯ್ತಂದೆಯರು ಈ ಪಥ್ಯ ನಡೆಸಬಲ್ಲರೇ? ಅವರಿಗಾಗಿ ತಕ್ಕಡಿಯನ್ನೂ ಗ್ರಾಂ ಲೆಕ್ಕವನ್ನೂ ಬಿಟ್ಟು, ಮನೆಯ ಬಟ್ಟಲು, ಚಮಚಗಳ ಅಳತೆಯಲ್ಲಿ ಪಥ್ಯವನ್ನು ಬರೆಯಲಾಯಿತು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರು ನಡೆಸಿದರು, ಮಕ್ಕಳ ಫಿಟ್ಸ್ ಇಳಿಯಿತು.